ಅಂಕಿಯ ಅರ್ಥ: ಮನಶ್ಶಾಸ್ತ್ರದ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರದ ಪ್ರವೇಶ

ಕನ್ನಡದ ‘ಎಣಿಸು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು. ಲೆಕ್ಕಮಾಡುವುದು ಒಂದು, ಭಾವಿಸುವುದು, ಆಲೋಚಿಸುವುದು ಇನ್ನೊಂದು. ಸಂಸ್ಕೃತದ ‘ಸಂಖ್ಯಾ’ ಶಬ್ದವಾದರೋ ‘ಖ್ಯಾ’ ಧಾತುವಿನಿಂದ ಹುಟ್ಟಿದ್ದು. ಆ ಧಾತುವಿಗೆ ಹೇಳುವುದು, ತಿಳಿಯಪಡಿಸುವುದು ಎಂದರ್ಥ. ಎಣಿಕೆಯ ಬೆನ್ನಿಗೆ ಆಲೋಚನೆಯಿರಬೇಕು, ಸಂಖ್ಯೆಯು ಏನನ್ನಾದರೂ ತಿಳಿಯಪಡಿಸಬೇಕು ಎಂಬ ವಿವೇಕವು ಈ ಎರಡು ಶಬ್ದಗಳಲ್ಲಿಯೇ ಅಡಗಿದೆಯೆನ್ನಬಹುದು. ಆದರೆ ವ್ಯವಹಾರದಲ್ಲಿ ನಾವು ಅಂಕಿಯನ್ನು ಕಂಡೊಡನೆ ಆಲೋಚನೆಯನ್ನು ನಿಲ್ಲಿಸಿಬಿಡುವುದೇ ಹೆಚ್ಚು.

ಪದವಿ ತರಗತಿಯಲ್ಲಿ ಮನಶ್ಶಾಸ್ತ್ರವನ್ನು ಆರಿಸಿಕೊಂಡ ವಿದ್ಯಾರ್ಥಿಯು ಮನುಷ್ಯನ ಅಂತರಂಗವನ್ನು ಅರಿಯುವ ಹಂಬಲದಿಂದ ಬಂದಿರುತ್ತಾನೆ. ಅಲ್ಲಿ ಸಂಖ್ಯಾಶಾಸ್ತ್ರವು ಎದುರಾದಾಗ, ಮನಸ್ಸಿಗೂ ಲೆಕ್ಕಕ್ಕೂ ಏನು ಸಂಬಂಧವೆಂದು ಬೆದರುತ್ತಾನೆ. ಈ ಪ್ರಶ್ನೆ ಅವನೊಬ್ಬನದಲ್ಲ. ವರ್ಷಕ್ಕೆ ಹಲವು ಬಾರಿ ಅಂಕಪಟ್ಟಿಯನ್ನು ಸಿದ್ಧಪಡಿಸುವ ಅಧ್ಯಾಪಕರು, ಅಂಕಗಳನ್ನು ನೋಡಿ ವಿದ್ಯಾರ್ಥಿವೇತನವನ್ನು ನೀಡುವ ದಾನಿಗಳು, ಈಗ ತಾವೇ ತಂದೆತಾಯಿಗಳಾಗಿ ಮಕ್ಕಳ ಪ್ರಗತಿಪತ್ರಕ್ಕೆ ಸಹಿಹಾಕುತ್ತಿರುವ ಹಳೆಯ ವಿದ್ಯಾರ್ಥಿಗಳು, ಇವರೆಲ್ಲರೂ ಮನಸ್ಸನ್ನು ಅಂಕಿಯಿಂದ ಅಳೆಯುವ ಕಾರ್ಯದಲ್ಲಿ ಪಾಲುದಾರರೇ. ‘ಈ ಹುಡುಗ ದಡ್ಡ’ ಎಂಬ ತೀರ್ಪು ಒಂದು ಅಂಕಿಯಿಂದ ಹುಟ್ಟಿ ಒಂದು ಜೀವನವನ್ನೇ ಬಾಗಿಸಬಲ್ಲುದು. ಆದ್ದರಿಂದ ಈ ಶಾಸ್ತ್ರದ ಮೊದಲ ಪಾಠಗಳನ್ನು ತಿಳಿದುಕೊಳ್ಳುವುದು ನಮ್ಮೆಲ್ಲರ ಕರ್ತವ್ಯವಾಗಿದೆ. ಪದವೊಂದು ವಾಕ್ಯದಲ್ಲಿ ಅನ್ವಯವಾದಾಗ ಅದರ ಅರ್ಥ ನಿಶ್ಚಯವಾಗುವಂತೆ, ಅಂಕಿಯೊಂದು ಇತರ ಅಂಕಿಗಳ ನಡುವೆ ನಿಂತಾಗಲೇ ಅದರ ಅರ್ಥ ನಿಶ್ಚಯವಾಗುತ್ತದೆ. ಈ ಲೇಖನದ ತಾತ್ಪರ್ಯ ಇಷ್ಟೇ.

ಸಂಖ್ಯೆಯ ನಾಲ್ಕು ಬಗೆ

ನಮ್ಮ ವ್ಯಾಕರಣವು ಸಂಖ್ಯಾವಾಚಕ, ಸಂಖ್ಯೇಯವಾಚಕ, ಪರಿಮಾಣವಾಚಕ ಎಂಬ ಭೇದಗಳನ್ನು ಮಾಡುತ್ತದೆ. ‘ಐದು’ ಬೇರೆ, ‘ಐದನೆಯ’ ಬೇರೆ, ‘ಅಷ್ಟು’ ಬೇರೆ. ಇದನ್ನು ಹೋಲುವ ಭೇದವೊಂದನ್ನು ಮನಶ್ಶಾಸ್ತ್ರದಲ್ಲಿ ಅಮೆರಿಕದ ಎಸ್. ಎಸ್. ಸ್ಟೀವನ್ಸ್ ಎಂಬ ವಿದ್ವಾಂಸರು 1946ರಲ್ಲಿ ನಿರೂಪಿಸಿದರು. ಹಾಜರಿ ಪುಸ್ತಕದಲ್ಲಿ ಹುಡುಗನ ಸಂಖ್ಯೆ 27 ಎಂದಿದ್ದರೆ ಅದು ಹೆಸರಿಗೆ ಬದಲಾಗಿ ನಿಂತ ಗುರುತು ಮಾತ್ರ; ಅದನ್ನು ಕೂಡಿ ಕಳೆಯುವುದರಲ್ಲಿ ಅರ್ಥವಿಲ್ಲ. ಓಟದಲ್ಲಿ ಮೊದಲನೆಯವನು, ಎರಡನೆಯವನು ಎಂದಾಗ ಕ್ರಮವು ತಿಳಿಯುತ್ತದೆಯೇ ಹೊರತು ಅವರ ನಡುವಣ ಅಂತರವು ತಿಳಿಯುವುದಿಲ್ಲ. ತಾಪಮಾನವನ್ನು ಸೆಲ್ಸಿಯಸ್ ಡಿಗ್ರಿಗಳಲ್ಲಿ ಅಳೆದಾಗ ಅಂತರಗಳು ಸಮಾನವಾಗಿರುತ್ತವೆ. ಆದರೆ ಅಲ್ಲಿಯ ಸೊನ್ನೆ ನಾವು ಇಟ್ಟುಕೊಂಡದ್ದು, ಆದಕಾರಣ 40 ಡಿಗ್ರಿಯು 20 ಡಿಗ್ರಿಯ ಎರಡರಷ್ಟು ಬಿಸಿ ಎನ್ನಲಾಗದು. ಎತ್ತರ, ತೂಕ, ಕಾಲಗಳಲ್ಲಿ ಮಾತ್ರ ನಿಜವಾದ ಸೊನ್ನೆಯಿದೆ. ಅಲ್ಲಿ ಎರಡರಷ್ಟು, ಮೂರರಷ್ಟು ಎಂಬ ಮಾತು ಸಲ್ಲುತ್ತದೆ.

ಪರೀಕ್ಷೆಯ ಅಂಕಗಳು ಇವುಗಳಲ್ಲಿ ಯಾವ ಬಗೆ? ಕನ್ನಡ ಪತ್ರಿಕೆಯಲ್ಲಿ ಸೊನ್ನೆ ಪಡೆದ ಬಾಲಕನು ಮನೆಯಲ್ಲಿ ಕನ್ನಡದಲ್ಲಿಯೇ ಅಳುತ್ತಾನೆ, ಕನ್ನಡದಲ್ಲಿಯೇ ನಗುತ್ತಾನೆ. ಅವನ ಕನ್ನಡವು ಸೊನ್ನೆಯಲ್ಲ. ನಾವು ಕೇಳಿದ ಪ್ರಶ್ನೆಗಳಿಗೆ ಅವನು ಬರೆದ ಉತ್ತರ ಸೊನ್ನೆ. ಹಾಗೆಯೇ 80 ಪಡೆದವನಿಗೆ 40 ಪಡೆದವನ ಎರಡರಷ್ಟು ವಿದ್ಯೆಯಿದೆಯೆಂದೂ ಹೇಳಲಾಗದು. ಮಾನಸಿಕ ಗುಣಗಳ ಅಳತೆಗಳಲ್ಲಿ ಬಹುಪಾಲು ಈ ಮಿತಿಗೆ ಒಳಪಟ್ಟವು.

ನಡುವನ್ನು ಕಾಣುವ ಮೂರು ದಾರಿ

ಅಂಕಿಗಳ ಗುಂಪೊಂದನ್ನು ಒಂದೇ ಮಾತಿನಲ್ಲಿ ಹೇಳಬೇಕಾದಾಗ ಅದರ ನಡುವನ್ನು ಹುಡುಕುತ್ತೇವೆ. ಎಲ್ಲವನ್ನೂ ಕೂಡಿಸಿ ಎಣಿಕೆಯಿಂದ ಭಾಗಿಸಿದರೆ ದೊರೆಯುವುದು ಸರಾಸರಿ. ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ನಟ್ಟನಡುವೆ ಇರುವುದನ್ನು ತೆಗೆದರೆ ಅದು ಮಧ್ಯಾಂಕ. ಅತಿ ಹೆಚ್ಚು ಸಲ ಬಂದಿರುವುದು ಬಹುಲಕ.

ಮೂರೇಕೆ ಬೇಕೆಂದರೆ, ಒಂದು ಕಟ್ಟಡ ನಿಧಿಗೆ ಹತ್ತು ಮಂದಿ ದೇಣಿಗೆ ಕೊಟ್ಟರೆಂದು ಭಾವಿಸೋಣ. ಒಂಬತ್ತು ಮಂದಿ ತಲಾ 1,000 ರೂಪಾಯಿ ಕೊಟ್ಟರು. ಹತ್ತನೆಯವರು 91,000 ರೂಪಾಯಿ ಕೊಟ್ಟರು. ಒಟ್ಟು 1,00,000, ಸರಾಸರಿ ತಲಾ 10,000 ರೂಪಾಯಿ. ಲೆಕ್ಕ ತಪ್ಪಲ್ಲ, ಆದರೆ ಹತ್ತು ಸಾವಿರ ಕೊಟ್ಟವರು ಆ ಪಟ್ಟಿಯಲ್ಲಿ ಒಬ್ಬರೂ ಇಲ್ಲ. ಮಧ್ಯಾಂಕ 1,000, ಬಹುಲಕವೂ 1,000. ಒಂದು ಅತಿ ದೊಡ್ಡ ಅಂಕಿಯು ಸರಾಸರಿಯನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಮಧ್ಯಾಂಕವು ಅಷ್ಟು ಸುಲಭವಾಗಿ ಕದಲದು. ನಿಧಿಯ ಕೋಶಾಧಿಕಾರಿಗೆ ಸರಾಸರಿ ಉಪಯುಕ್ತ. ಸಾಮಾನ್ಯ ದಾನಿಯು ಎಷ್ಟು ಕೊಡಬಲ್ಲನೆಂದು ತಿಳಿಯಬಯಸುವವನಿಗೆ ಮಧ್ಯಾಂಕವೇ ಉಪಯುಕ್ತ. ಯಾವ ‘ನಡು’ ಎಂದು ಕೇಳದೆ ನಡುವನ್ನು ನಂಬಬಾರದು.

ಹರವು

ಸರಾಸರಿಯೊಂದೇ ಸಾಲದು. ಎರಡು ತರಗತಿಗಳಲ್ಲಿ ಐದೈದು ಮಕ್ಕಳ ಅಂಕಗಳು ಹೀಗಿವೆಯೆನ್ನೋಣ. ಮೊದಲನೆಯದರಲ್ಲಿ 48, 49, 50, 51, 52. ಎರಡನೆಯದರಲ್ಲಿ 20, 35, 50, 65, 80. ಎರಡರ ಸರಾಸರಿಯೂ 50. ಆದರೆ ಮೊದಲ ತರಗತಿಗೆ ಒಂದೇ ಪಾಠವನ್ನು ಒಂದೇ ವೇಗದಲ್ಲಿ ಹೇಳಬಹುದು. ಎರಡನೆಯದರಲ್ಲಿ ಹಾಗೆ ಮಾಡಿದರೆ ಹಿಂದುಳಿದವನಿಗೂ ಅನ್ಯಾಯ, ಮುಂದಿರುವವನಿಗೂ ಅನ್ಯಾಯ.

ಈ ಹರವನ್ನು ಅಳೆಯುವ ಸಾಧನಕ್ಕೆ ಮಾನಕ ವಿಚಲನೆಯೆಂದು ಹೆಸರು. ಪ್ರತಿಯೊಂದು ಅಂಕವು ಸರಾಸರಿಯಿಂದ ಎಷ್ಟು ದೂರವಿದೆಯೆಂದು ನೋಡಬೇಕು. ಈ ದೂರಗಳನ್ನು ಹಾಗೆಯೇ ಕೂಡಿಸಿದರೆ ಹೆಚ್ಚುಕಡಿಮೆಗಳು ಪರಸ್ಪರ ಕಳೆದು ಸೊನ್ನೆಯಾಗುತ್ತವೆ. ಆದುದರಿಂದ ಅವುಗಳನ್ನು ವರ್ಗಮಾಡಿ, ಆ ವರ್ಗಗಳ ಸರಾಸರಿಯನ್ನು ತೆಗೆದು, ಕೊನೆಗೆ ವರ್ಗಮೂಲವನ್ನು ಕಾಣಬೇಕು. ಮೊದಲ ತರಗತಿಯಲ್ಲಿ ವರ್ಗಗಳ ಮೊತ್ತ 10, ಸರಾಸರಿ 2, ವರ್ಗಮೂಲ ಸುಮಾರು 1.4. ಎರಡನೆಯದರಲ್ಲಿ ಮೊತ್ತ 2,250, ಸರಾಸರಿ 450, ವರ್ಗಮೂಲ ಸುಮಾರು 21.2. ಸರಾಸರಿಯು ಮುಚ್ಚಿಟ್ಟದ್ದನ್ನು ಈ ಅಂಕಿಯು ಬಿಚ್ಚಿ ತೋರಿಸುತ್ತದೆ.

ಇದರ ಇನ್ನೊಂದು ಪ್ರಯೋಜನವೂ ಗಮನಾರ್ಹವಾದುದು. ಒಬ್ಬ ವಿದ್ಯಾರ್ಥಿಗೆ ಕನ್ನಡದಲ್ಲಿ 60, ಗಣಿತದಲ್ಲಿ 70 ಅಂಕಗಳು ಬಂದಿವೆ. ಮನೆಯವರು ಗಣಿತದಲ್ಲಿ ಜಾಣನೆನ್ನುತ್ತಾರೆ. ಆದರೆ ತರಗತಿಯ ಕನ್ನಡದ ಸರಾಸರಿ 50, ಮಾನಕ ವಿಚಲನೆ 5. ಗಣಿತದ ಸರಾಸರಿ 65, ಮಾನಕ ವಿಚಲನೆ 10 ಎಂದಿದ್ದರೆ, ಅವನು ಕನ್ನಡದಲ್ಲಿ ಸರಾಸರಿಗಿಂತ ಎರಡು ವಿಚಲನೆಗಳಷ್ಟು ಮೇಲೆ, ಗಣಿತದಲ್ಲಿ ಅರ್ಧ ವಿಚಲನೆಯಷ್ಟು ಮಾತ್ರ ಮೇಲೆ ಇದ್ದಾನೆ. ತರಗತಿಯವರ ನಡುವೆ ಅವನು ಎದ್ದುಕಾಣುವುದು ಕನ್ನಡದಲ್ಲಿ. ಹೀಗೆ ವಿಚಲನೆಯ ಮಾನದಿಂದ ಹೇಳಿದ ಅಂಕವನ್ನು ಮಾನಕಾಂಕವೆನ್ನಬಹುದು.

ಎತ್ತರದಂತಹ ಎಷ್ಟೋ ಗುಣಗಳನ್ನು ಬಹುಮಂದಿಯಲ್ಲಿ ಅಳೆದು ನಕ್ಷೆ ಬರೆದರೆ, ನಡುವೆ ಉಬ್ಬಿ ಎರಡು ಬದಿಗೂ ಇಳಿಯುವ ಘಂಟೆಯಾಕಾರದ ರೇಖೆಯು ಮೂಡುತ್ತದೆ. ಇದಕ್ಕೆ ಪ್ರಸಾಮಾನ್ಯ ವಕ್ರರೇಖೆಯೆಂದು ಹೆಸರು. ಇದರಲ್ಲಿ ಸರಾಸರಿಯ ಎರಡೂ ಬದಿಗೆ ಒಂದು ವಿಚಲನೆಯೊಳಗೆ ನೂರಕ್ಕೆ ಸುಮಾರು 68, ಎರಡು ವಿಚಲನೆಗಳೊಳಗೆ ಸುಮಾರು 95, ಮೂರರೊಳಗೆ ಸುಮಾರು 99.7 ಮಂದಿ ಬರುತ್ತಾರೆ. ಐ. ಕ್ಯೂ. ಎಂದು ಜನಜನಿತವಾಗಿರುವ ಬುದ್ಧಿಲಬ್ಧವು ಈಗ ಇಂತಹ ಮಾನಕಾಂಕವೇ ಆಗಿದೆ. ವೆಕ್ಸ್ಲರ್ ಅವರ ಪರೀಕ್ಷೆಗಳಲ್ಲಿ ಸರಾಸರಿಯನ್ನು 100 ಎಂದೂ ಮಾನಕ ವಿಚಲನೆಯನ್ನು 15 ಎಂದೂ ಇಟ್ಟುಕೊಂಡಿರುವರು. 115 ಎಂದರೆ ಸರಾಸರಿಗಿಂತ ಒಂದು ವಿಚಲನೆ ಮೇಲೆ, ಅಂದರೆ ತನ್ನ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 84 ಮಂದಿಗಿಂತ ಮೇಲೆ ಎಂದಷ್ಟೇ ತಾತ್ಪರ್ಯ. ತಲೆಯೊಳಗೆ ಬುದ್ಧಿಯೆಂಬ ದ್ರವ್ಯವು 115 ಸೇರು ತುಂಬಿದೆಯೆಂದು ಯಾರೂ ತಿಳಿಯಬಾರದು.

ಸ್ಥಾಲೀಪುಲಾಕ ನ್ಯಾಯ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡುತ್ತೇವೆ. ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಸಂಖ್ಯಾಶಾಸ್ತ್ರದಲ್ಲಿ ಇಡೀ ಪಾತ್ರೆಯ ಅನ್ನಕ್ಕೆ ಸಮಷ್ಟಿಯೆಂದೂ ಹಿಸುಕಿ ನೋಡಿದ ಅಗುಳಿಗೆ ಮಾದರಿಯೆಂದೂ ಹೆಸರು. ಆದರೆ ಈ ನ್ಯಾಯಕ್ಕೆ ಒಂದು ನಿಬಂಧನೆಯಿದೆ: ಎಲ್ಲ ಅಗುಳುಗಳೂ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದಿರಬೇಕು. ಮನುಷ್ಯರು ಹಾಗಲ್ಲ. ಆದ್ದರಿಂದ ಮನಶ್ಶಾಸ್ತ್ರದಲ್ಲಿ ಒಂದು ಅಗುಳು ಸಾಲದು. ಮೇಲಿನಿಂದ, ಕೆಳಗಿನಿಂದ, ಅಂಚಿನಿಂದ, ಯಾವುದನ್ನೂ ಬೇಕೆಂದು ಆರಿಸದೆ, ಚೀಟಿ ಎತ್ತಿದಂತೆ ತೆಗೆಯಬೇಕು.

ಮಾದರಿಯು ದೊಡ್ಡದಾದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲವೆಂಬುದಕ್ಕೆ 1936ರ ಅಮೆರಿಕದ ಅಧ್ಯಕ್ಷ ಚುನಾವಣೆ ಪ್ರಸಿದ್ಧ ನಿದರ್ಶನವಾಗಿದೆ. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆಯು ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಉತ್ತರಗಳನ್ನು ಸಂಗ್ರಹಿಸಿ ಲ್ಯಾಂಡನ್ ಗೆಲ್ಲುವರೆಂದು ಸಾರಿತು; ಗೆದ್ದವರು ರೂಸ್‌ವೆಲ್ಟ್. ಪತ್ರಿಕೆಯು ವಿಳಾಸಗಳನ್ನು ಮುಖ್ಯವಾಗಿ ದೂರವಾಣಿ ಮತ್ತು ಮೋಟಾರು ವಾಹನಗಳ ಪಟ್ಟಿಗಳಿಂದ ತೆಗೆದಿತ್ತು. ಆ ಕಾಲದಲ್ಲಿ ಅವುಗಳನ್ನು ಹೊಂದಿದ್ದವರು ಅನುಕೂಲಸ್ಥರು. ಅದೂ ಅಲ್ಲದೆ ಉತ್ತರ ಕಳುಹಿಸಲು ಆಸಕ್ತಿಯುಳ್ಳವರು ಮಾತ್ರ ಕಳುಹಿಸಿದ್ದರು. ಅಗುಳುಗಳು ಬಹಳವಿದ್ದರೂ ಎಲ್ಲವೂ ಪಾತ್ರೆಯ ಒಂದೇ ಮೂಲೆಯವಾಗಿದ್ದವು.

ಇದು ಪರದೇಶದ ಶಾಸ್ತ್ರವೆಂದು ಸಂಕೋಚಪಡಬೇಕಾಗಿಲ್ಲ. ಪ್ರಶಾಂತಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯಲ್ಲಿ ಬೆಳೆದು ಜಗದ್ವಿಖ್ಯಾತರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಇಂದು ಕರ್ನಾಟಕದಲ್ಲಿರುವ ಹಡಗಲಿಯಲ್ಲಿ. ಮಾದರಿಯಿಂದ ಮಾಡುವ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲುದೆಂಬುದಕ್ಕೆ ಒಂದು ಮೇರೆಯಿದೆಯೆಂದು ಅವರು 1945ರಲ್ಲಿ ತೋರಿಸಿದರು. 2023ರಲ್ಲಿ, ನೂರಎರಡರ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದು ಅದೇ ವರ್ಷ ದಿವಂಗತರಾದರು. ಮಾದರಿಯನ್ನು ಹೊಗಳಿದ ಶಾಸ್ತ್ರವೇ ಅದರ ಮೇರೆಯನ್ನೂ ಲೆಕ್ಕಹಾಕಿದೆಯೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಜೊತೆಯಾಗಿ ನಡೆಯುವುದು ಬೇರೆ, ನಡೆಸುವುದು ಬೇರೆ

ಎರಡು ಗುಣಗಳು ಒಟ್ಟಿಗೆ ಏರುತ್ತವೆಯೇ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆಯೇ ಎಂಬುದನ್ನು ಹೇಳುವ ಅಂಕಿಗೆ ಸಹಸಂಬಂಧ ಗುಣಾಂಕವೆಂದು ಹೆಸರು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಇದರ ಕಲ್ಪನೆಯನ್ನು ಕೊಟ್ಟರು. ಕಾರ್ಲ್ ಪಿಯರ್ಸನ್ ಇದಕ್ಕೆ ಗಣಿತದ ರೂಪವನ್ನು ಕೊಟ್ಟರು. ಇದರ ಬೆಲೆಯು ಋಣ ಒಂದರಿಂದ ಧನ ಒಂದರವರೆಗೆ ಇರುತ್ತದೆ. ಧನ ಒಂದೆಂದರೆ ಎರಡೂ ತಪ್ಪದೆ ಒಟ್ಟಿಗೆ ಏರುತ್ತವೆ. ಋಣ ಒಂದೆಂದರೆ ತಪ್ಪದೆ ಎದುರು ದಿಕ್ಕಿಗೆ ಸರಿಯುತ್ತವೆ. ಸೊನ್ನೆಯೆಂದರೆ ಸರಳರೇಖೆಯಂತಹ ಸಂಬಂಧವಿಲ್ಲ. ಇದೇ ಸಾಧನದಿಂದ ಚಾರ್ಲ್ಸ್ ಸ್ಪಿಯರ್ಮನ್ 1904ರಲ್ಲಿ, ಬೇರೆ ಬೇರೆ ವಿಷಯಗಳಲ್ಲಿ ಮಕ್ಕಳ ಸಾಧನೆಗಳು ಒಟ್ಟಿಗೆ ಏರಿಳಿಯುವುದನ್ನು ಕಂಡು, ಎಲ್ಲದರ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿಯಿರಬೇಕೆಂದು ಊಹಿಸಿದರು. ಲಂಡನ್ನಿನಲ್ಲಿ ಅವರ ಬಳಿ ಅಧ್ಯಯನ ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಅವರೇ.

ಇಲ್ಲಿ ಒಂದು ಎಚ್ಚರ ಅವಶ್ಯ. ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳ ಪಾದದ ಉದ್ದವನ್ನೂ ಅವರು ಓದುವ ವೇಗವನ್ನೂ ಅಳೆದರೆ ಎರಡರ ನಡುವೆ ಗಟ್ಟಿಯಾದ ಸಹಸಂಬಂಧವು ಕಾಣುತ್ತದೆ. ಹಾಗೆಂದು ಪಾದವನ್ನು ಎಳೆದು ಉದ್ದಮಾಡಿದರೆ ಓದು ಬಂದೀತೇ? ಎರಡನ್ನೂ ಬೆಳೆಸುವುದು ವಯಸ್ಸು. ಖಾಸಗಿ ಪಾಠಕ್ಕೆ ಹೋಗುವವರಿಗೆ ಹೆಚ್ಚು ಅಂಕ ಬಂದಾಗ, ಅದು ಪಾಠದ ಫಲವೋ, ಹಣಕೊಟ್ಟು ಕಳುಹಿಸಬಲ್ಲ ಮನೆಯ ಅನುಕೂಲದ ಫಲವೋ ಎಂದು ಕೇಳಬೇಕು. ಜೊತೆಯಲ್ಲಿರುವುದೆಲ್ಲವೂ ಕಾರಣವಲ್ಲವೆಂಬುದು ನಮ್ಮ ತಾರ್ಕಿಕರಿಗೂ ತಿಳಿದಿದ್ದ ಮಾತೇ.

ಕಾಕತಾಳೀಯವೂ ಪೂರ್ವಪಕ್ಷವೂ

ಕಾಗೆಯು ಬಂದು ಕುಳಿತ ಕ್ಷಣದಲ್ಲಿಯೇ ತಾಳೆಯ ಹಣ್ಣು ಬಿದ್ದರೆ, ಕಾಗೆಯೇ ಕೆಡವಿತೆನ್ನಲಾಗದು. ಇದು ಕಾಕತಾಳೀಯ ನ್ಯಾಯ. ಪ್ರಯೋಗವೊಂದರಲ್ಲಿ ಕಂಡ ವ್ಯತ್ಯಾಸವು ನಿಜವಾದುದೋ, ಕಾಕತಾಳೀಯವೋ ಎಂದು ತೂಗುವುದೇ ಸಂಖ್ಯಾಶಾಸ್ತ್ರದ ಅತಿ ಸೂಕ್ಷ್ಮವಾದ ಕಾರ್ಯ.

ಅದರ ವಿಧಾನವು ನಮ್ಮ ವಾದಗ್ರಂಥಗಳನ್ನು ಓದಿದವರಿಗೆ ಅಪರಿಚಿತವೆನಿಸದು. ಸಿದ್ಧಾಂತಿಯು ಮೊದಲು ಎದುರಾಳಿಯ ಪೂರ್ವಪಕ್ಷವನ್ನು ಮಂಡಿಸಿ, ಅದು ನಿಲ್ಲಲಾರದೆಂದು ತೋರಿಸಿ, ಅನಂತರ ತನ್ನ ಪಕ್ಷಕ್ಕೆ ಬರುತ್ತಾನೆ. ಇಲ್ಲಿಯೂ ಹಾಗೆಯೇ. ‘ಇಲ್ಲಿ ವಿಶೇಷವೇನೂ ಇಲ್ಲ, ಎಲ್ಲವೂ ಆಕಸ್ಮಿಕ’ ಎಂಬುದು ಪೂರ್ವಪಕ್ಷ. ಇದಕ್ಕೆ ಶೂನ್ಯ ಪ್ರಾಕ್ಕಲ್ಪನೆಯೆಂದು ಹೆಸರು. ಅದನ್ನು ಕ್ಷಣಕಾಲ ಒಪ್ಪಿಕೊಂಡು, ‘ಹಾಗಿದ್ದರೆ ಇಷ್ಟು ದೊಡ್ಡ, ಅಥವಾ ಇನ್ನೂ ದೊಡ್ಡ ವ್ಯತ್ಯಾಸವು ಎಷ್ಟು ಸಲ ಕಾಣಬಹುದಾಗಿತ್ತು?’ ಎಂದು ಲೆಕ್ಕಹಾಕಬೇಕು. ಅಂತಹದು ಅಪರೂಪವೆಂದು ಕಂಡುಬಂದರೆ ಪೂರ್ವಪಕ್ಷವನ್ನು ಕೈಬಿಡಬಹುದು.

ಆರ್. ಎ. ಫಿಶರ್ ಅವರು 1935ರ ತಮ್ಮ ಗ್ರಂಥದಲ್ಲಿ ಕೊಟ್ಟ ನಿದರ್ಶನ ಸೊಗಸಾಗಿದೆ. ಬಟ್ಟಲಿಗೆ ಮೊದಲು ಹಾಲು ಹಾಕಿದ್ದರೋ, ಚಹಾ ಹಾಕಿದ್ದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದು ಒಬ್ಬ ಮಹಿಳೆ ಹೇಳುತ್ತಾಳೆ. ಎಂಟು ಬಟ್ಟಲುಗಳಲ್ಲಿ ನಾಲ್ಕನ್ನು ಒಂದು ರೀತಿ, ನಾಲ್ಕನ್ನು ಇನ್ನೊಂದು ರೀತಿ ಮಾಡಿ, ಕ್ರಮವನ್ನು ಕಲಸಿ ಮುಂದಿಡಬೇಕು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 70. ಕೇವಲ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ ಒಂದು, ಅಂದರೆ ನೂರಕ್ಕೆ ಒಂದೂವರೆಗಿಂತ ಕಡಿಮೆ. ಅವಳು ಎಲ್ಲವನ್ನೂ ಸರಿಯಾಗಿ ಹೇಳಿದರೆ ಅವಳ ಮಾತಿಗೆ ಬೆಲೆ ಕೊಡಬೇಕಾಗುತ್ತದೆ. ಆದರೆ ಹಾಲನ್ನು ಮೊದಲು ಹಾಕಿದ ನಾಲ್ಕರಲ್ಲಿ ಮೂರನ್ನು ಮಾತ್ರ ಗುರುತಿಸಿದರೆ? ಅಷ್ಟನ್ನಾಗಲಿ ಅದಕ್ಕಿಂತ ಹೆಚ್ಚನ್ನಾಗಲಿ ಊಹೆಯಿಂದಲೇ ಪಡೆಯುವ ಸಂಭವ 70ರಲ್ಲಿ 17, ಅಂದರೆ ನೂರಕ್ಕೆ ಸುಮಾರು 24. ಆಗ ಪೂರ್ವಪಕ್ಷವು ಬಿದ್ದಿತೆನ್ನಲಾಗದು.

ನೂರಕ್ಕೆ ಐದಕ್ಕಿಂತ ಕಡಿಮೆ ಸಂಭವವಿದ್ದರೆ ಫಲಿತಾಂಶವನ್ನು ‘ಸಾರ್ಥಕ’ವೆನ್ನುವ ರೂಢಿಯು ಬಹುಕಾಲದಿಂದ ಬಂದಿದೆ. ಭಾಷಾಧ್ಯಾಪಕನಾಗಿ ಈ ಶಬ್ದದ ವಿಷಯದಲ್ಲಿ ಒಂದು ಮಾತು ಹೇಳಬೇಕು. ಲೋಕದಲ್ಲಿ ‘ಸಾರ್ಥಕ’ವೆಂದರೆ ಬಾಳನ್ನು ಧನ್ಯಗೊಳಿಸುವಂತಹದು. ಇಲ್ಲಿ ಅದಕ್ಕೆ ಅಂತಹ ಹಿರಿಮೆಯಿಲ್ಲ. ‘ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ’ ಎಂದಷ್ಟೇ ಅರ್ಥ. ಸಾವಿರಾರು ಜನರ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧ ಅಂಕದ ವ್ಯತ್ಯಾಸವೂ ‘ಸಾರ್ಥಕ’ವಾಗಬಹುದು, ಅದರಿಂದ ಯಾರಿಗೂ ಪ್ರಯೋಜನವಾಗದಿರಬಹುದು. ಅಂತೆಯೇ ಪೂರ್ವಪಕ್ಷವು ಬೀಳಲಿಲ್ಲವೆಂದರೆ ಅದು ಗೆದ್ದಿತೆಂದಲ್ಲ. ಸಾಕ್ಷ್ಯವು ಸಾಲದಾಯಿತೆಂದು ಮಾತ್ರ.

ಈ ಎಚ್ಚರವನ್ನು ಮರೆತುದರ ಫಲವನ್ನು ಮನಶ್ಶಾಸ್ತ್ರವು ಈಚೆಗೆ ಉಂಡಿದೆ. ಪ್ರಕಟವಾಗಿದ್ದ ನೂರು ಅಧ್ಯಯನಗಳನ್ನು ಅನೇಕ ವಿದ್ವಾಂಸರು ಕೂಡಿ ಮತ್ತೆ ನಡೆಸಿ 2015ರಲ್ಲಿ ವರದಿ ಮಾಡಿದರು. ಮೂಲದಲ್ಲಿ 97 ಅಧ್ಯಯನಗಳು ‘ಸಾರ್ಥಕ’ ಫಲವನ್ನು ತೋರಿಸಿದ್ದವು. ಮರುಪ್ರಯೋಗದಲ್ಲಿ ಹಾಗೆ ತೋರಿಸಿದವು ನೂರಕ್ಕೆ ಸುಮಾರು 36 ಮಾತ್ರ. ಒಂದು ಸಲ ಕಂಡದ್ದನ್ನು ಸಿದ್ಧಾಂತವೆನ್ನಬಾರದೆಂಬ ಪಾಠವನ್ನು ಆ ಶಾಸ್ತ್ರವು ತನ್ನನ್ನೇ ಪರೀಕ್ಷಿಸಿಕೊಂಡು ಕಲಿಯಿತು. ಇದು ಅದರ ದೌರ್ಬಲ್ಯಕ್ಕಿಂತ ಹೆಚ್ಚಾಗಿ ಪ್ರಾಮಾಣಿಕತೆಗೆ ಸಾಕ್ಷಿಯೆಂದು ತಿಳಿಯಬೇಕು.

ಬೆತ್ತಕ್ಕೆ ದೊರೆತ ಹುಸಿ ಕೀರ್ತಿ

ಈ ಶಾಸ್ತ್ರದ ತತ್ತ್ವಗಳಲ್ಲಿ ಅಧ್ಯಾಪಕರೆಲ್ಲರೂ ಅವಶ್ಯವಾಗಿ ತಿಳಿಯಬೇಕಾದುದು ಒಂದಿದೆ. ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವಾಗಿಯೇ ಇದ್ದರೂ ಒಟ್ಟಿನಲ್ಲಿ ತಂದೆತಾಯಿಗಳಷ್ಟು ಎತ್ತರವಾಗಿರುವುದಿಲ್ಲ, ಕುಳ್ಳರ ಮಕ್ಕಳು ಅವರಷ್ಟು ಕುಳ್ಳಾಗಿರುವುದಿಲ್ಲ ಎಂದು ಗಾಲ್ಟನ್ 1886ರಲ್ಲಿ ಪ್ರಕಟಿಸಿದರು. ಇದನ್ನು ಸರಾಸರಿಯತ್ತ ಹಿಂಜರಿಕೆಯೆನ್ನುತ್ತಾರೆ.

ಪರೀಕ್ಷೆಯ ಅಂಕಗಳಲ್ಲಿಯೂ ಇದು ನಡೆಯುತ್ತದೆ. ಒಂದು ದಿನದ ಅಂಕದಲ್ಲಿ ಎರಡು ಪಾಲುಗಳುಂಟು. ಒಂದು, ಹುಡುಗನ ನಿಜವಾದ ಸಾಮರ್ಥ್ಯ. ಇನ್ನೊಂದು, ಆ ದಿನದ ಯೋಗ. ನಿದ್ದೆಗೆಟ್ಟದ್ದು, ಜ್ವರ ಬಂದದ್ದು, ಓದದ ಪಾಠದಿಂದಲೇ ಪ್ರಶ್ನೆ ಬಂದದ್ದು, ಎಲ್ಲವೂ ಈ ಎರಡನೆಯ ಪಾಲಿಗೆ ಸೇರಿದವು. ತರಗತಿಯಲ್ಲಿ ಅತಿ ಕಡಿಮೆ ಅಂಕ ಪಡೆದವರನ್ನು ಒಂದೆಡೆ ಸೇರಿಸಿದರೆ, ಅವರಲ್ಲಿ ಅಂದು ಯೋಗ ಕೆಟ್ಟಿದ್ದವರೇ ಹೆಚ್ಚಾಗಿರುತ್ತಾರೆ. ಮುಂದಿನ ಪರೀಕ್ಷೆಯಲ್ಲಿ ಅದೇ ದುರ್ಯೋಗವು ಎಲ್ಲರಿಗೂ ಮರುಕಳಿಸದು. ಏನೂ ಮಾಡದಿದ್ದರೂ ಅವರ ಸರಾಸರಿ ಸ್ವಲ್ಪ ಏರುತ್ತದೆ. ಅತಿ ಹೆಚ್ಚು ಪಡೆದವರ ಸರಾಸರಿ ಅದೇ ಕಾರಣದಿಂದ ಸ್ವಲ್ಪ ಇಳಿಯುತ್ತದೆ.

ಈ ಎರಡು ಪರೀಕ್ಷೆಗಳ ನಡುವೆ ಅಧ್ಯಾಪಕನು ಕಡಿಮೆ ಪಡೆದವರನ್ನು ದಂಡಿಸಿ ಹೆಚ್ಚು ಪಡೆದವರನ್ನು ಹೊಗಳಿದನೆನ್ನೋಣ. ಅವನ ಕಣ್ಣಿಗೆ ಏನು ಕಾಣುತ್ತದೆ? ದಂಡಿಸಿದವರು ಸುಧಾರಿಸಿದರು, ಹೊಗಳಿಸಿಕೊಂಡವರು ಕೆಟ್ಟರು. ಬೆತ್ತವು ಫಲಕಾರಿ, ಹೊಗಳಿಕೆಯು ಹಾನಿಕರವೆಂಬ ನಂಬಿಕೆಯು ಅವನ ಸ್ವಂತ ಅನುಭವದಿಂದಲೇ ಗಟ್ಟಿಯಾಗುತ್ತದೆ. ಇಸ್ರೇಲಿನ ವಾಯುಪಡೆಯ ತರಬೇತುದಾರರೊಬ್ಬರು 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಅವರ ಮುಂದೆ ಹೇಳಿದ್ದು ಇದನ್ನೇ. ಕಾನಮನ್ ಅವರು ಅಲ್ಲಿದ್ದವರಿಗೆ, ಹಿಂದಿರುಗಿ ನೋಡದೆ ಬೆನ್ನ ಹಿಂದಿನ ಗುರಿಗೆ ಎರಡೆರಡು ಸಲ ನಾಣ್ಯ ಎಸೆಯಲು ಹೇಳಿದರು. ಮೊದಲ ಸಲ ಬಹಳ ಹತ್ತಿರ ಎಸೆದವರಲ್ಲಿ ಹೆಚ್ಚಿನವರು ಎರಡನೆಯ ಸಲ ದೂರ ಎಸೆದರು. ಬಹಳ ದೂರ ಎಸೆದವರಲ್ಲಿ ಹೆಚ್ಚಿನವರು ಹತ್ತಿರ ಎಸೆದರು. ಅಲ್ಲಿ ಯಾರೂ ಯಾರನ್ನೂ ಹೊಗಳಿರಲಿಲ್ಲ, ಬೈದಿರಲಿಲ್ಲ. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಪಡೆದ ಈ ವಿದ್ವಾಂಸರು, ಆ ಘಟನೆಯಿಂದ ತಮಗೆ ಜಗತ್ತಿನ ಒಂದು ಮುಖ್ಯ ಸತ್ಯವು ಹೊಳೆಯಿತೆಂದು ಹೇಳಿಕೊಂಡಿದ್ದಾರೆ.

ಶಾಲೆಗಳಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯು ನಿಷೇಧಿಸಿದೆ. ಕಾನೂನಿಗೆ ತಲೆಬಾಗುವುದು ಒಂದು. ದಂಡನೆಗೆ ನಾವು ಕಟ್ಟಿದ ಕೀರ್ತಿಯಲ್ಲಿ ಎಷ್ಟೋ ಪಾಲು ಹುಸಿಯೆಂದು ಬುದ್ಧಿಗೆ ಮನವರಿಕೆಯಾಗುವುದು ಇನ್ನೊಂದು. ಹಿಂದುಳಿದವರಿಗಾಗಿ ನಡೆಸುವ ವಿಶೇಷ ತರಗತಿಗಳ ವಿಷಯಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. ಅಂಕಗಳು ಏರಿದ ಮಾತ್ರಕ್ಕೆ ತರಗತಿಯೇ ಕಾರಣವೆನ್ನಲಾಗದು. ಎಲ್ಲರಿಗೂ ಒಮ್ಮೆಗೇ ಅವಕಾಶವಿಲ್ಲದಿದ್ದಾಗ, ಚೀಟಿ ಎತ್ತಿ ಅರ್ಧದಷ್ಟು ಮಕ್ಕಳನ್ನು ಮೊದಲು, ಉಳಿದವರನ್ನು ಅನಂತರ ಸೇರಿಸಿಕೊಂಡು, ಈ ನಡುವೆ ಎರಡು ಗುಂಪುಗಳನ್ನೂ ಹೋಲಿಸಿದರೆ ತರಗತಿಯ ನಿಜವಾದ ಫಲವು ತಿಳಿಯುತ್ತದೆ. ಇಂತಹ ತರಗತಿಗಳಿಗೆ ಧನಸಹಾಯ ಮಾಡುವ ಮಹನೀಯರೂ ಈ ಹೋಲಿಕೆಯನ್ನು ಕೇಳುವುದು ಯುಕ್ತ.

ಅಳತೆಗೋಲಿನ ವಿನಯ

ಬುದ್ಧಿಯನ್ನು ಅಳೆಯುವ ಆಧುನಿಕ ಪರೀಕ್ಷೆಗಳ ಮೂಲಪುರುಷರು ಫ್ರಾನ್ಸಿನ ಆಲ್ಫ್ರೆಡ್ ಬಿನೇ. ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ವಿಶೇಷ ನೆರವು ನೀಡುವ ಸಲುವಾಗಿ ಅಲ್ಲಿಯ ಸರ್ಕಾರವು 1904ರಲ್ಲಿ ನೇಮಿಸಿದ ಸಮಿತಿಯಲ್ಲಿ ಅವರಿದ್ದರು. 1905ರಲ್ಲಿ ಥಿಯೋಡೋರ್ ಸಿಮೋನ್ ಅವರೊಡನೆ ಮೂವತ್ತು ಪ್ರಶ್ನೆಗಳ ಮಾಲೆಯನ್ನು ರಚಿಸಿದರು. ಅವರ ಉದ್ದೇಶ ನೆರವು ಬೇಕಾದ ಮಗುವನ್ನು ಗುರುತಿಸುವುದಾಗಿತ್ತು. ಬುದ್ಧಿಯು ಹುಟ್ಟಿನಿಂದ ನಿಶ್ಚಿತವಾದುದು, ಬೆಳೆಯದು ಎಂಬ ವಾದವನ್ನು ಅವರು 1909ರಲ್ಲಿ ಕಟುವಾಗಿ ಖಂಡಿಸಿದರು. ಆದರೆ ಅವರ ಅಳತೆಗೋಲು ಸಮುದ್ರ ದಾಟಿದ ಮೇಲೆ ಬೇರೆ ಕೈಗಳಿಗೆ ಬಿದ್ದಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕವು ಸುಮಾರು ಹದಿನೇಳು ಲಕ್ಷ ಸೈನಿಕರನ್ನು ಪರೀಕ್ಷಿಸಿತು. ಅದರಲ್ಲಿ ಕ್ರಿಸ್ಕೊ ಎಂಬುದು ಔಷಧವೋ, ಹಲ್ಲುಜ್ಜುವ ವಸ್ತುವೋ, ತಿನ್ನುವ ಪದಾರ್ಥವೋ ಎಂಬಂತಹ ಪ್ರಶ್ನೆಗಳಿದ್ದವು. ಅದು ಅಡುಗೆಗೆ ಬಳಸುವ ಒಂದು ಬಗೆಯ ಜಿಡ್ಡು. ಆಗತಾನೆ ಹಡಗಿನಿಂದಿಳಿದ ವಲಸೆಗಾರನಿಗೆ ಆ ಡಬ್ಬಿಯ ಹೆಸರು ತಿಳಿಯದಿದ್ದುದನ್ನು ಬುದ್ಧಿಯ ಕೊರತೆಯೆಂದು ಎಣಿಸಲಾಯಿತು. ಅಳೆಯಬೇಕಾದುದನ್ನೇ ಅಳೆಯುತ್ತಿದೆಯೇ ಎಂಬ ಈ ಪ್ರಶ್ನೆಗೆ ಸಿಂಧುತ್ವದ ಪ್ರಶ್ನೆಯೆಂದು ಹೆಸರು.

ಈ ತತ್ತ್ವವನ್ನರಿತು ಬಿನೇ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಅವರು ಮಾಡಿದ ಪರಿಷ್ಕರಣವು 1934ರಲ್ಲಿ ಪ್ರಕಟವಾಯಿತು. ಬಿನೇ–ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ದೇಶದಲ್ಲೆಲ್ಲ ಬಳಕೆಗೆ ಬಂದಿತು. ಪ್ಯಾರಿಸ್ಸಿನ ಮಗುವಿಗೆ ಹೊಲಿದ ಅಂಗಿಯನ್ನು ನಮ್ಮ ಮಗುವಿಗೆ ತೊಡಿಸಿ, ಅಂಗಿ ಸರಿಯಾಗಲಿಲ್ಲವೆಂದು ಮಗುವನ್ನು ಬೈಯಬಾರದೆಂಬ ವಿವೇಕವು ಅದರಲ್ಲಿದೆ.

ಸಿಂಧುವಾದ ಪರೀಕ್ಷೆಯೂ ಪೂರ್ತಿ ಸ್ಥಿರವಲ್ಲ. ಅದೇ ಮಗುವನ್ನು ಇನ್ನೊಮ್ಮೆ ಅಳೆದರೆ ಎಷ್ಟರಮಟ್ಟಿಗೆ ಅದೇ ಫಲ ಬರುವುದೆಂಬುದು ವಿಶ್ವಸನೀಯತೆ. ಮಾನಕ ವಿಚಲನೆ 15, ವಿಶ್ವಸನೀಯತೆಯ ಗುಣಾಂಕ 0.91 ಇರುವ ಒಳ್ಳೆಯ ಪರೀಕ್ಷೆಯೊಂದನ್ನು ತೆಗೆದುಕೊಳ್ಳೋಣ. ಒಂದರಿಂದ 0.91ನ್ನು ಕಳೆದರೆ 0.09, ಅದರ ವರ್ಗಮೂಲ 0.3, ಅದನ್ನು 15ರಿಂದ ಗುಣಿಸಿದರೆ 4.5. ಇದು ಅಳತೆಯ ಮಾನಕ ದೋಷ. ಆದ್ದರಿಂದ 100 ಎಂದು ಬಂದ ಅಂಕಿಯನ್ನು ‘ಸುಮಾರು 91ರಿಂದ 109ರ ಒಳಗೆ’ ಎಂದು ಓದುವುದು ಸರಿಯಾದ ಕ್ರಮ. ವೈದ್ಯರೂ ಮನಶ್ಶಾಸ್ತ್ರಜ್ಞರೂ ಎಷ್ಟೋ ಎಚ್ಚರದಿಂದ ಸಿದ್ಧಪಡಿಸಿದ ಪರೀಕ್ಷೆಗೇ ಇಷ್ಟು ಅಲುಗಾಟವಿದ್ದರೆ, ನಾವು ಒಂದು ಸಂಜೆ ಕುಳಿತು ಬರೆದ ಪ್ರಶ್ನಪತ್ರಿಕೆಯಲ್ಲಿ ತೇರ್ಗಡೆಯ ಗೆರೆಗೆ ಒಂದಂಕ ಕಡಿಮೆ ಪಡೆದವನಿಗೂ ಗೆರೆಯನ್ನು ಮುಟ್ಟಿದವನಿಗೂ ಎಷ್ಟು ಅಂತರವಿದ್ದೀತು? ಗೆರೆಯು ಆಡಳಿತಕ್ಕೆ ಬೇಕು, ಇರಲಿ. ಆದರೆ ಅದು ಮಗುವಿನ ಯೋಗ್ಯತೆಯನ್ನು ಕೊಯ್ದು ಎರಡು ಮಾಡುತ್ತದೆಯೆಂದು ಭ್ರಮಿಸಬಾರದು.

ಮನಶ್ಶಾಸ್ತ್ರದ ವಿದ್ಯಾರ್ಥಿಯು ಸಂಖ್ಯಾಶಾಸ್ತ್ರದಿಂದ ಪಡೆಯಬೇಕಾದುದು ಸೂತ್ರಗಳ ಹೊರೆಯನ್ನಲ್ಲ, ಕೆಲವು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು. ಇದು ಯಾವ ಬಗೆಯ ಸಂಖ್ಯೆ? ನಡು ಯಾವುದು, ಹರವೆಷ್ಟು? ಮಾದರಿ ಎಲ್ಲಿಂದ ಬಂದಿತು? ಜೊತೆಗಿರುವುದು ಕಾರಣವೋ, ಬರಿಯ ಸಂಗಾತಿಯೋ? ಆಕಸ್ಮಿಕವಾಗಿಯೂ ಹೀಗಾಗಬಹುದಿತ್ತೇ? ಅಳತೆಗೋಲು ಎಷ್ಟು ಅಲುಗುತ್ತದೆ? ಈ ಆರು ಪ್ರಶ್ನೆಗಳನ್ನು ಅಂಕಪಟ್ಟಿಯ ಮುಂದೆ ಕುಳಿತ ಅಧ್ಯಾಪಕರೂ ಕೇಳಿಕೊಳ್ಳಬಹುದು, ಅರ್ಜಿಗಳನ್ನು ಪರಿಶೀಲಿಸುವ ದಾನಿಗಳೂ ಕೇಳಿಕೊಳ್ಳಬಹುದು, ಮಗನ ಪ್ರಗತಿಪತ್ರವನ್ನು ಹಿಡಿದ ತಂದೆತಾಯಿಗಳೂ ಕೇಳಿಕೊಳ್ಳಬಹುದು. ‘ಲೆಕ್ಕಕ್ಕೆ ತೆಗೆದುಕೊಳ್ಳುವುದು’ ಎಂದರೆ ನಮ್ಮ ನುಡಿಯಲ್ಲಿ ಗೌರವಿಸುವುದು ಎಂಬ ಅರ್ಥವೂ ಉಂಟು. ಪ್ರತಿಯೊಂದು ಮಗುವನ್ನೂ ಆ ಅರ್ಥದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ನಮ್ಮನ್ನು ಸಿದ್ಧಪಡಿಸಿದರೆ ಈ ಶಾಸ್ತ್ರವನ್ನು ಕಲಿತ ಶ್ರಮವು, ಶಬ್ದದ ಲೌಕಿಕಾರ್ಥದಲ್ಲಿಯೇ, ಸಾರ್ಥಕವಾಗುತ್ತದೆ.